ಉಗಿಬಂಡಿ ಮೇಲೊಂದು ಆಂಟೆನಾ: ಮಾರ್ಕೋನಿಯ ಕತೆ

ಕ್ಯಾರವಾನ್ ಮೇಲೆ ವೈರ್‌ಲೆಸ್ ಸೆಟ್‌ಗೆ ಆಂಟೆನಾ ಹಾಕಬೇಕು ಅಂದ್ರೆ ನಾವೇನು ಮಾಡ್ತೀವಿ? ಮೇಲ್ಚಾವಣಿಗೆ ತೂತು ಕೊರೆದು, ಕಡ್ಡಿ ನಿಲ್ಲಿಸಿ, ಕೇಬಲ್ ಎಳೆದರೆ ಮುಗೀತು ಅಂದ್ಕೊಳ್ತೀವಿ. ಚಾವಣಿ ಫೈಬರ್‌ಗ್ಲಾಸ್ ಆಗಿದ್ರೆ ಅಲ್ಲೇ ಕೈಕೊಡುತ್ತೆ. ಯಾಕಂದ್ರೆ ಕಣ್ಣಿಗೆ ಕಾಣೋ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಇನ್ನರ್ಧ ಅದರ ಕೆಳಗಿನ ಲೋಹ, ಅಂದರೆ ನಾವು ಓದುವ ಗ್ರೌಂಡ್ ಪ್ಲೇನ್. ಇದನ್ನು ಬಹಳ ಹಿಂದೆಯೇ ಬಂಡಿ ಮೇಲೆ ಪ್ರಯೋಗ ಮಾಡಿ ನೋಡಿದವನು ಗುಗ್ಲಿಯೆಲ್ಮೊ ಮಾರ್ಕೋನಿ.

ಮಾರ್ಕೋನಿ ಹುಟ್ಟಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೋನ್ಯಾದಲ್ಲಿ. ತಂದೆ ಜಮೀನ್ದಾರ, ತಾಯಿ ಐರ್ಲೆಂಡ್ ಮೂಲದವಳು. ನಮ್ಮ ಹಾಗೆ ಡಿಗ್ರಿಗೆ ಓದಿದವನಲ್ಲ. 1895ರಲ್ಲಿ ಮನೆಯ ತೋಟದಲ್ಲಿ ಪ್ರಯೋಗ ಮಾಡ್ತಾ, ಉಪಕರಣದ ಒಂದು ತುದಿಯನ್ನು ಎತ್ತರಕ್ಕೆ ಕಟ್ಟಿ, ಇನ್ನೊಂದನ್ನು ಮಣ್ಣಿನಲ್ಲಿ ಹೂತ. ಸಿಗ್ನಲ್ ಸುಮಾರು 2 ಕಿಲೋಮೀಟರ್ ದಾಟಿ ಗುಡ್ಡದಾಚೆಗೂ ಹೋಯಿತು. ಸಿಗ್ನಲ್ ಬಂತು ಅಂತ ತಿಳಿಸೋಕೆ ಅಲ್ಲಿ ನಿಂತಿದ್ದ ಅಣ್ಣ ಬಂದೂಕು ಹಾರಿಸಿದನಂತೆ.

1896ರಲ್ಲಿ ತಾಯಿಯ ಜೊತೆ ಲಂಡನ್ನಿಗೆ ಹೋಗಿ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷವೇ ಕಂಪನಿ ಶುರುವಾಯಿತು. ಹಡಗಿನಲ್ಲಿ ಗ್ರೌಂಡ್ ಕಷ್ಟವಲ್ಲ, ಸುತ್ತಲೂ ಉಪ್ಪುನೀರು. ಆದರೆ ರಸ್ತೆ ಮೇಲೆ ಓಡುವ ಗಾಡಿ ಮಣ್ಣಿನಲ್ಲಿ ತಂತಿ ಹೂತುಕೊಂಡು ಹೋಗೋಕಾಗುತ್ತಾ?

1901ರಲ್ಲಿ ಅವನು ಥಾರ್ನಿಕ್ರಾಫ್ಟ್ ಕಂಪನಿಯ ಉಗಿಬಂಡಿಯೊಂದರ ನೆತ್ತಿಯ ಮೇಲೆ 6–7 ಮೀಟರ್ ಎತ್ತರದ ಲೋಹದ ಸಿಲಿಂಡರ್ ನಿಲ್ಲಿಸಿದ. ಅದೇ ಆಂಟೆನಾ. ಪ್ರಯಾಣದ ವೇಳೆ ಅದನ್ನು ಮಲಗಿಸಬಹುದಿತ್ತು. ಒಳಗೆ ಬ್ಯಾಟರಿಯಿಂದ ನಡೆಯುವ, ಸುಮಾರು 100 ವ್ಯಾಟ್ ಎಳೆಯುವ ಇಂಡಕ್ಷನ್ ಕಾಯಿಲ್. ಗ್ರೌಂಡ್‌ಗೆ ಮೊದಲು ತಂತಿಬಲೆಯನ್ನು ನೆಲದ ಮೇಲೆ ಹಾಸಿದ; ಅದನ್ನು ಎಳೆದುಕೊಂಡೇ ಗಾಡಿ ಓಡಿಸಬಹುದು ಅಂತ ಕಂಡುಕೊಂಡ. ಆಮೇಲೆ ಬಲೆಯನ್ನೇ ಬಿಟ್ಟು ಬಂಡಿಯ ಬಾಯ್ಲರನ್ನೇ ಬಳಸಿದ. ಫಲಿತಾಂಶ ಅಷ್ಟೇ ಚೆನ್ನಾಗಿತ್ತು! ನೆಲವೇ ಬೇಕಾಗಿಲ್ಲ, ಗಾಡಿಯ ಲೋಹದ ಮೈಯೇ ಸಾಕು ಅನ್ನೋದು ಹೀಗೆ ಗೊತ್ತಾಯಿತು.

ಅದೇ ವರ್ಷ ಡಿಸೆಂಬರ್ 12ರಂದು ಕೆನಡಾ ಕಡೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟಕ್ಕೆ ತಂತಿ ಕಟ್ಟಿ, ಅಟ್ಲಾಂಟಿಕ್ ಆಚೆಯಿಂದ ಬಂದ ಮೋರ್ಸ್ ಸಂಕೇತ ಕೇಳಿಸಿತೆಂದು ಪ್ರಕಟಿಸಿದ. ಅಲ್ಲಿ ಬಳಸಿದ ಪಾದರಸದ ಡಿಟೆಕ್ಟರ್, ನಮ್ಮ ಜಗದೀಶ್ಚಂದ್ರ ಬೋಸ್ 1899ರಲ್ಲೇ ವಿವರಿಸಿದ ಬಗೆಯದು. ಹೆಸರು ಮಾತ್ರ ಮಾರ್ಕೋನಿಗೆ ಬಂತು. 1909ರಲ್ಲಿ ಬ್ರೌನ್ ಜೊತೆ ನೊಬೆಲ್ ಕೂಡ.

1919ರಲ್ಲಿ 'ಎಲೆಟ್ರಾ' ಎಂಬ ವಿಹಾರನೌಕೆ ಕೊಂಡ. ಮನೆಯೂ ಅದೇ, ಲ್ಯಾಬೂ ಅದೇ. 1930ರಲ್ಲಿ ಜಿನೋವಾದಲ್ಲಿ ನಿಂತಿದ್ದ ಆ ನೌಕೆಯಿಂದ ಕಳಿಸಿದ ಸಿಗ್ನಲ್ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ದೀಪ ಬೆಳಗಿಸಿತು. ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷ ಸೇರಿದ್ದೂ ಇದೇ ಮಾರ್ಕೋನಿ. ಅದನ್ನು ಮುಚ್ಚಿಟ್ಟು ಹೊಗಳೋದು ನಮಗೆ ಸರಿ ಕಾಣಲ್ಲ. 1937ರ ಜುಲೈ 20ರಂದು ರೋಮಿನಲ್ಲಿ ತೀರಿಕೊಂಡಾಗ, ಬ್ರಿಟನ್ನಿನ ರೇಡಿಯೋ ಕೇಂದ್ರಗಳು ಗೌರವಕ್ಕಾಗಿ ಎರಡು ನಿಮಿಷ ಮೌನವಾದವು.

ಇನ್ನು ನಮ್ಮ ಫೈಬರ್‌ಗ್ಲಾಸ್ ಚಾವಣಿಯ ಮಾತು. 145 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರ ಅಂದ್ರೆ ಸುಮಾರು ಅರ್ಧ ಮೀಟರ್. ಕಡ್ಡಿಯ ಬುಡದ ಸುತ್ತ, ಎಲ್ಲ ದಿಕ್ಕಿಗೂ ಅಷ್ಟು ದೂರಕ್ಕೆ ತಗಡೋ ತಂತಿಬಲೆಯೋ ಹಾಸಿ, ಕೇಬಲ್ಲಿನ ಹೊರಕವಚವನ್ನು ಅದಕ್ಕೆ ಜೋಡಿಸಿದರೆ ಕೆಲಸ ಆಗುತ್ತೆ. 1901ರಲ್ಲಿ ಮಾರ್ಕೋನಿ ನೆಲಕ್ಕೆ ಹಾಸಿದ್ದನ್ನು ನಾವು ನೆತ್ತಿಗೆ ಹಾಸ್ತೀವಿ, ಅಷ್ಟೇ. ಹ್ಯಾಮ್ ಲೈಸೆನ್ಸ್ ಮಾತ್ರ ಮೊದಲೇ ಮಾಡಿಸಿಕೊಳ್ಳೋಣ!