ಅಳತೆಯ ಸಾಧಕ ಜೋಸೆಫ್ ವಿಟ್‌ವರ್ತ್

ಒಂದು ವಸ್ತುವನ್ನು ಕಂಡು ಅದರಂತೆಯೇ ಇನ್ನೊಂದನ್ನು ಮಾಡುವುದು ಸುಲಭವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹೊರಗಣ ಆಕಾರವನ್ನು ಕಣ್ಣಳತೆಯಿಂದ ಅನುಕರಿಸಬಹುದು. ಒಳಗಣ ಹೊಂದಿಕೆಯನ್ನು ಅನುಕರಿಸಲು ಕಣ್ಣು ಸಾಲದು. ೧೯೭೦ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಪಾರ್ಕರ್-ಹೇಲ್ ಸಂಸ್ಥೆಯು, ಸೈನ್ಯದ ಬಳಕೆಯಿಂದ ನೂರು ವರ್ಷಗಳ ಹಿಂದೆಯೇ ಮರೆಯಾಗಿದ್ದ ಎನ್‌ಫೀಲ್ಡ್ ಕೋವಿಗಳನ್ನು ಮರಳಿ ತಯಾರಿಸತೊಡಗಿತು. ಬಾಯಿಯ ಕಡೆಯಿಂದ ಮದ್ದುಗುಂಡು ತುಂಬುವ ಕೋವಿಗಳಿವು. ಆ ಕುಶಲಿಗಳು ಹಳೆಯ ಕೋವಿಯೊಂದನ್ನು ಮುಂದಿರಿಸಿಕೊಂಡು ಅದರ ಚೆಲುವನ್ನಷ್ಟೇ ನಕಲು ಮಾಡಲಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಕಾಪಾಡಿಕೊಂಡು ಬಂದಿದ್ದ ಗೇಜುಗಳನ್ನು, ಎಂದರೆ ಅಳತೆಯ ಮೂಲಮಾದರಿಗಳನ್ನು, ಆಧಾರವಾಗಿ ಹಿಡಿದರು. ಮುಂದೆ ಅದೇ ಸಂಸ್ಥೆಯು ವಿಟ್‌ವರ್ತ್ ಕೋವಿಯ ಪ್ರತಿರೂಪವನ್ನೂ ಹೊರತಂದಿತು. ಆ ಕೋವಿಯನ್ನು ರೂಪಿಸಿದವನೇ, ಒಂದರಂತೆ ಇನ್ನೊಂದನ್ನು ಮಾಡುವ ವಿದ್ಯೆಗೆ ಅಳತೆಯ ಅಡಿಗಲ್ಲನ್ನಿಟ್ಟವರಲ್ಲಿ ಅಗ್ರಗಣ್ಯನೂ ಹೌದು.

ಜೋಸೆಫ್ ವಿಟ್‌ವರ್ತನು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ೧೮೦೩ರ ಡಿಸೆಂಬರ್ ೨೧ರಂದು ಜನಿಸಿದನು. ತಂದೆ ಉಪಾಧ್ಯಾಯನೂ ಧರ್ಮೋಪದೇಶಕನೂ ಆಗಿದ್ದನು. ಬಾಲಕನು ಹನ್ನೊಂದರ ಹರೆಯವನ್ನು ದಾಟುವುದರೊಳಗೆ ತಾಯಿಯನ್ನು ಕಳೆದುಕೊಂಡನು. ಹದಿನಾಲ್ಕನೆಯ ವಯಸ್ಸಿಗೆ ಶಾಲೆಯ ಋಣ ತೀರಿತು. ಡರ್ಬಿಷೈರಿನಲ್ಲಿ ಹತ್ತಿಯ ನೂಲುಗಿರಣಿಯನ್ನು ನಡೆಸುತ್ತಿದ್ದ ಬಂಧುವೊಬ್ಬನು ಅವನನ್ನು ತನ್ನಲ್ಲಿ ಸೇರಿಸಿಕೊಂಡನು. ಕಾಲಕ್ರಮದಲ್ಲಿ ಗಿರಣಿಯ ಒಡೆತನವೂ ಹುಡುಗನ ಪಾಲಿಗೆ ಬರುವ ಸಂಭವವಿತ್ತು. ಆದರೆ ಅವನ ಮನಸ್ಸು ನೂಲಿನಲ್ಲಿ ನಿಲ್ಲದೆ, ನೂಲನ್ನು ತೆಗೆಯುವ ಯಂತ್ರದಲ್ಲಿ ನೆಟ್ಟಿತು. ಆ ಯಂತ್ರಗಳ ಒರಟುತನ ಅವನಿಗೆ ಅಸಹನೀಯವಾಯಿತು. ನಾಲ್ಕು ವರ್ಷಗಳಾದ ಮೇಲೆ ಅವನು ಮ್ಯಾಂಚೆಸ್ಟರಿಗೆ ಹೋಗಿ ಸಾಮಾನ್ಯ ಕೆಲಸಗಾರನಾಗಿ ಯಂತ್ರಶಾಲೆಯನ್ನು ಸೇರಿದನು.

೧೮೨೫ರಲ್ಲಿ ವಿವಾಹವಾಗಿ ಲಂಡನ್ನಿಗೆ ಹೋದ ವಿಟ್‌ವರ್ತನಿಗೆ ಹೆನ್ರಿ ಮಾಡ್ಸ್ಲೆಯ ಪ್ರಸಿದ್ಧ ಕಾರ್ಯಾಗಾರದಲ್ಲಿ ಉದ್ಯೋಗ ದೊರೆಯಿತು. ಆ ಕಾಲದ ಉತ್ತಮ ಕುಶಲಕರ್ಮಿಗಳಿಗೆ ಅದು ಗುರುಕುಲದಂತಿತ್ತು. ಮುಂದೆ ಜೋಸೆಫ್ ಕ್ಲೆಮೆಂಟನ ಬಳಿ ಇದ್ದಾಗ, ಚಾರ್ಲ್ಸ್ ಬ್ಯಾಬೇಜನ ಗಣಕಯಂತ್ರದ ನಿರ್ಮಾಣದಲ್ಲಿಯೂ ಅವನು ಪಾಲುಗೊಂಡನು. ಈ ವರ್ಷಗಳಲ್ಲಿ ಅವನನ್ನು ಹಿಡಿದ ಪ್ರಶ್ನೆ ಮೇಲುನೋಟಕ್ಕೆ ಅತಿ ಸರಳವಾದುದು: ನಿಜವಾಗಿ ಸಮತಟ್ಟಾದ ಲೋಹದ ಫಲಕವೊಂದನ್ನು ಮಾಡುವುದು ಹೇಗೆ? ಎರಡು ಫಲಕಗಳನ್ನು ಒಂದರ ಮೇಲೊಂದಿಟ್ಟು ಉಜ್ಜಿದರೆ ಅವು ಪರಸ್ಪರ ಹೊಂದಿಕೊಳ್ಳುವುದೇನೋ ದಿಟ. ಆದರೆ ಒಂದು ಉಬ್ಬಾಗಿ ಇನ್ನೊಂದು ತಗ್ಗಾಗಿದ್ದರೂ ಆ ಹೊಂದಿಕೆ ಸಾಧ್ಯ. ಮೂರನೆಯ ಫಲಕವೊಂದನ್ನು ತಂದು, ಮೂರನ್ನೂ ಸರದಿಯಾಗಿ ಒಂದಕ್ಕೊಂದು ಹೋಲಿಸಿದಾಗ ಈ ವಂಚನೆ ಬಯಲಾಗುತ್ತದೆ. ಏಕೆಂದರೆ ಮೂರೂ ಪರಸ್ಪರ ಹೊಂದಬೇಕಾದರೆ ಮೂರೂ ಸಮತಲವಾಗಿರಲೇಬೇಕು. ಅರೆಯುವ ಪುಡಿಯನ್ನು ಹಾಕಿ ಉಜ್ಜುವ ರೂಢಿಯನ್ನು ಬಿಟ್ಟು, ಬಣ್ಣ ಸವರಿ ಉಬ್ಬಿದ ಎಡೆಗಳನ್ನು ಗುರುತಿಸಿ, ಹರಿತವಾದ ಉಳಿಯಿಂದ ಅವನ್ನು ಮಾತ್ರವೇ ಹೆರೆದು ತೆಗೆಯುವ ಕ್ರಮವನ್ನು ಅವನು ಪ್ರತಿಪಾದಿಸಿದನು. ೧೮೪೦ರಲ್ಲಿ ಗ್ಲಾಸ್ಗೋ ನಗರದ ವಿದ್ವತ್ಸಭೆಯ ಮುಂದೆ ಈ ವಿಧಾನವನ್ನು ವಿವರಿಸಿದನು.

ಅಷ್ಟರಲ್ಲಿ, ೧೮೩೩ರಲ್ಲಿಯೇ, ಅವನು ಮ್ಯಾಂಚೆಸ್ಟರಿಗೆ ಮರಳಿ ಸ್ವಂತ ಕಾರ್ಯಾಗಾರವನ್ನು ತೆರೆದಿದ್ದನು. ಆ ದಿನಗಳಲ್ಲಿ ಒಬ್ಬೊಬ್ಬ ತಯಾರಕನ ತಿರುಪುಮೊಳೆಗೂ ಒಂದೊಂದು ಜಾಡು. ಒಬ್ಬನ ಮೊಳೆ ಮುರಿದರೆ ಮತ್ತೊಬ್ಬನ ಮೊಳೆ ಅಲ್ಲಿ ಕೂಡದು. ವಿಟ್‌ವರ್ತನು ಹಲವು ಕಾರ್ಯಾಗಾರಗಳ ತಿರುಪುಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿಯನ್ನು ತೆಗೆದು, ಎಳೆಯ ಕೋನ ೫೫ ಅಂಶವಿರಬೇಕೆಂದೂ ಪ್ರತಿಯೊಂದು ಗಾತ್ರದ ಮೊಳೆಗೂ ಅಂಗುಲಕ್ಕೆ ಇಂತಿಷ್ಟೇ ಎಳೆಗಳೆಂದೂ ೧೮೪೧ರಲ್ಲಿ ಸೂಚಿಸಿದನು. ರಾಜಾಜ್ಞೆಯ ಬಲವಿಲ್ಲದಿದ್ದರೂ, ಕೇವಲ ಉಪಯುಕ್ತತೆಯ ಬಲದಿಂದ ಆ ಕ್ರಮ ದೇಶವನ್ನೆಲ್ಲ ವ್ಯಾಪಿಸಿತು. ೧೮೫೧ರ ಲಂಡನ್ ಮಹಾಪ್ರದರ್ಶನದ ಕಾಲಕ್ಕೆ ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲಿನ ಅಂತರವನ್ನೂ ತೋರಿಸಬಲ್ಲ ಅಳತೆಯಂತ್ರ ಅವನ ಕೈಯಲ್ಲಿ ಸಿದ್ಧವಾಗಿತ್ತು. ೧೮೫೩ರಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಅಮೆರಿಕಕ್ಕೆ ಹೋದಾಗ, ಸ್ಪ್ರಿಂಗ್‌ಫೀಲ್ಡಿನ ಆಯುಧಶಾಲೆಯಲ್ಲಿ ಕೋವಿಯ ಮರದ ಹಿಡಿಯನ್ನು ಯಂತ್ರಗಳು ಸುಮಾರು ೨೨ ನಿಮಿಷಗಳಲ್ಲಿ ರೂಪಿಸುವುದನ್ನು ಕಂಡು ವರದಿ ಮಾಡಿದನು.

ಹೀಗಿರಲು, ೧೮೫೪ರಲ್ಲಿ ಬ್ರಿಟಿಷ್ ಸೇನೆಯ ಮುಖ್ಯಾಧಿಪತಿ ಲಾರ್ಡ್ ಹಾರ್ಡಿಂಜನಿಂದ ಅವನಿಗೆ ಕರೆ ಬಂದಿತು. ಒಂದು ದಶಕದ ಹಿಂದೆ ಭಾರತದ ಗವರ್ನರ್ ಜನರಲ್ ಆಗಿದ್ದ ಹಾರ್ಡಿಂಜನೇ ಈತನು. ಕ್ರಿಮಿಯಾ ಯುದ್ಧದ ಆ ತುರ್ತಿನಲ್ಲಿ ಸೈನ್ಯಕ್ಕೆ ಬೇಕಾಗಿದ್ದುದು ಕೋವಿಗಳನ್ನು ರಾಶಿರಾಶಿಯಾಗಿ ತಯಾರಿಸುವ ಯಂತ್ರಗಳು. ವಿಟ್‌ವರ್ತನಾದರೋ ಒಳ್ಳೆಯ ಕೋವಿ ಏಕೆ ಒಳ್ಳೆಯದೆಂಬುದನ್ನು ಮೊದಲು ತಿಳಿಯಬಯಸಿದನು. ಒಂದು ನಳಿಗೆ ಗುರಿ ತಪ್ಪದಿರಲು, ಅದರ ಪಕ್ಕದ್ದು ತಪ್ಪಲು ಕಾರಣವೇನೆಂಬುದಕ್ಕೆ ಕೋವಿ ತಯಾರಕರಲ್ಲಿ ಒಮ್ಮತದ ಉತ್ತರವಿರಲಿಲ್ಲ. ಕಾರಣವನ್ನರಿಯದೆ ಯಂತ್ರ ಕಟ್ಟಿದರೆ ದೋಷವನ್ನೇ ಸಾವಿರ ಪ್ರತಿ ತೆಗೆದಂತಾಗುವುದಿಲ್ಲವೆ? ಅವನ ಕೋರಿಕೆಯಂತೆ ಮ್ಯಾಂಚೆಸ್ಟರಿನ ಅವನ ಮನೆಯ ಬಳಿಯಲ್ಲಿ ೫೦೦ ಗಜ ಉದ್ದದ, ಗಾಳಿಗೆ ಮರೆಯಾದ ಪರೀಕ್ಷಾಮಂದಿರವೊಂದು ಎದ್ದಿತು. ಬಿರುಗಾಳಿಯೊಂದು ಅದನ್ನು ನೆಲಕ್ಕುರುಳಿಸಿತು. ಮತ್ತೆ ಕಟ್ಟಿಸಿ, ೧೮೫೫ರಲ್ಲಿ ಪ್ರಯೋಗಗಳನ್ನು ಆರಂಭಿಸಿದನು.

ಎನ್‌ಫೀಲ್ಡ್ ಕೋವಿಯ ನಳಿಗೆಯ ಒಳವ್ಯಾಸ ೦.೫೭೭ ಅಂಗುಲ, ಗುಂಡಿಗೆ ತಿರುಗಣೆ ಕೊಡುವ ಒಳಗಣ ಗೀರು ೭೮ ಅಂಗುಲಗಳಿಗೆ ಒಂದು ಸುತ್ತಿನಂತೆ ಹರಿಯುತ್ತಿತ್ತು. ವಿಟ್‌ವರ್ತನು ವ್ಯಾಸವನ್ನು ೦.೪೫೧ ಅಂಗುಲಕ್ಕೆ ಇಳಿಸಿ, ೨೦ ಅಂಗುಲಗಳಿಗೆ ಒಂದು ಸುತ್ತಿನ ಬಿಗಿಯಾದ ತಿರುವನ್ನು ಕೊಟ್ಟನು. ದುಂಡನೆಯ ರಂಧ್ರದಲ್ಲಿ ಗೀರುಗಳನ್ನು ಕೊರೆಯುವುದಕ್ಕೆ ಬದಲಾಗಿ ರಂಧ್ರವನ್ನೇ ಷಟ್ಕೋಣವಾಗಿಸಿ, ಅದರೊಳಗೆ ಕರಾರುವಾಕ್ಕಾಗಿ ಕೂರುವ ಷಟ್ಕೋಣದ ಗುಂಡನ್ನು ಮಾಡಿದನು. ೧೮೫೭ರಲ್ಲಿ ಹೈತ್ ಎಂಬಲ್ಲಿ ಎರಡು ಕೋವಿಗಳ ಪರೀಕ್ಷೆ ನಡೆಯಿತು. ೫೦೦ ಗಜಗಳಲ್ಲಿ ಎನ್‌ಫೀಲ್ಡಿನ ಗುಂಡುಗಳು ಸರಾಸರಿ ಎರಡಡಿಗೂ ಮಿಕ್ಕಿ ಚೆದರಿದರೆ ವಿಟ್‌ವರ್ತನವು ಅರ್ಧ ಅಡಿಯೊಳಗೇ ನಿಂತವು. ೧೪೦೦ ಗಜಗಳಲ್ಲಿ ಎನ್‌ಫೀಲ್ಡ್ ಗುರಿಯನ್ನು ಮುಟ್ಟಲೇ ಇಲ್ಲ. ಇದೇ ಎನ್‌ಫೀಲ್ಡಿನ ಜಿಡ್ಡು ಸವರಿದ ತೋಟಾಗಳು ಅದೇ ವರ್ಷ ನಮ್ಮ ದೇಶದ ಸಿಪಾಯಿಗಳ ದಂಗೆಗೆ ಕಿಡಿಯಾದವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು.

ಗೆದ್ದ ಕೋವಿಗೆ ಸೈನ್ಯದಲ್ಲಿ ಎಡೆ ದೊರೆಯಲಿಲ್ಲ. ಅದರ ರಂಧ್ರ ಕಿರಿದು, ಮದ್ದಿನ ಕಿಟ್ಟ ಬೇಗನೆ ಕಟ್ಟುತ್ತದೆ, ತಯಾರಿಕೆಗೆ ವೆಚ್ಚ ಹೆಚ್ಚು ಎಂಬ ಆಕ್ಷೇಪಣೆಗಳು ಬಂದವು. ಅವು ಸುಳ್ಳೇನೂ ಅಲ್ಲ. ರಣರಂಗದ ಅವಸರದಲ್ಲಿ ಸಾಮಾನ್ಯ ಸಿಪಾಯಿಗೆ ಬೇಕಾದುದು ಸೂಕ್ಷ್ಮತೆಗಿಂತ ಹೆಚ್ಚಾಗಿ ಸಲೀಸು. ೧೮೬೦ರ ಜುಲೈ ೨ರಂದು ವಿಂಬಲ್ಡನ್ನಿನ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದುದು, ಯಂತ್ರಪೀಠದ ಮೇಲೆ ಸ್ಥಿರಪಡಿಸಿದ ವಿಟ್‌ವರ್ತ್ ಕೋವಿಯಿಂದಲೇ. ೪೦೦ ಗಜಗಳಾಚೆಯ ಗುರಿಯ ನಡುವಿನಿಂದ ಆ ಗುಂಡು ಒಂದೆರಡು ಅಂಗುಲವೂ ಸರಿಯಲಿಲ್ಲ. ಆದರೆ ನಿಖರತೆಗೆ ಇನ್ನೊಂದು ಮುಖವೂ ಉಂಟು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಆಯ್ದ ಗುರಿಕಾರರು ಈ ಕೋವಿಯನ್ನು ಹಿಡಿದರು. ೧೮೬೪ರ ಮೇ ೯ರಂದು ಉತ್ತರದ ಸೇನಾನಿ ಜಾನ್ ಸೆಡ್ಜ್‌ವಿಕ್ ಬಲಿಯಾದುದು ಇದರ ಗುಂಡಿಗೇ ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಾರ್ಯಾಗಾರದಲ್ಲಿ ಸದ್ಗುಣವಾಗಿದ್ದ ಅಳತೆಯ ನಿಷ್ಠೆ ರಣರಂಗದಲ್ಲಿ ದೂರದ ಮರಣವಾಗಿ ಪರಿಣಮಿಸಿತು.

೧೮೬೬ರಿಂದ ಹಿಂಬದಿಯಲ್ಲಿ ತೋಟಾ ತುಂಬುವ ಸ್ನೈಡರ್ ಕೋವಿಗಳು ಸೈನ್ಯಕ್ಕೆ ಬರತೊಡಗಿ, ಬಾಯಿಯಿಂದ ತುಂಬುವ ಕೋವಿಗಳ ಯುಗವೇ ಮುಗಿಯಿತು. ವಿಟ್‌ವರ್ತನು ಅದಕ್ಕಾಗಿ ಕೊರಗುತ್ತ ಕೂಡಲಿಲ್ಲ. ೧೮೬೮ರಲ್ಲಿ, ಕೈಗೆಲಸವನ್ನೂ ಶಾಸ್ತ್ರವನ್ನೂ ಕೂಡಿಯೇ ಕಲಿತ ತರುಣರಿಗೆಂದು, ವರ್ಷಕ್ಕೆ ೧೦೦ ಪೌಂಡುಗಳ ೩೦ ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದನು. ಶಾಲೆಯನ್ನು ಹದಿನಾಲ್ಕಕ್ಕೇ ಬಿಟ್ಟವನ ಕೊಡುಗೆಯಿದು. ೧೮೬೯ರಲ್ಲಿ ಬ್ಯಾರೊನೆಟ್ ಪದವಿ ಬಂದಿತು. ಡಾರ್ಲಿ ಡೇಲಿನ ತನ್ನ ಭವನದಲ್ಲಿ ಬಿಲಿಯರ್ಡ್ಸ್ ಮೇಜನ್ನು ಸಹ ಕಬ್ಬಿಣದಲ್ಲಿ ಮಾಡಿಸಿ ಅದರ ಸಮತಲಕ್ಕೆ ಹೆಮ್ಮೆಪಟ್ಟವನು ಅವನು. ೧೮೮೭ರ ಜನವರಿ ೨೨ರಂದು ಮಾಂಟೆ ಕಾರ್ಲೋದಲ್ಲಿ ಎಂಬತ್ತಮೂರನೆಯ ವಯಸ್ಸಿನಲ್ಲಿ ನಿಧನ ಹೊಂದಿದನು. ಸಂತಾನವಿರಲಿಲ್ಲ, ಅವನ ಆಸ್ತಿಯಿಂದ ಮ್ಯಾಂಚೆಸ್ಟರಿನಲ್ಲಿ ಕಲಾಶಾಲೆ, ಉದ್ಯಾನ, ಆಸ್ಪತ್ರೆಗಳು ಬೆಳೆದವು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಳೆಯ ಕೋವಿಗಳ ಪ್ರತಿರೂಪಗಳಿಗೆ ಬೇಡಿಕೆ ಹುಟ್ಟಿತು. ೧೯೬೧ರಿಂದ ೧೯೬೫ರವರೆಗೆ ಅಮೆರಿಕದಲ್ಲಿ ಆಚರಿಸಿದ ಅಂತರ್ಯುದ್ಧದ ಶತಮಾನೋತ್ಸವ ಆ ಆಸಕ್ತಿಗೆ ಇಂಬುಕೊಟ್ಟಿತು. ಇಟಲಿಯ ಗಾರ್ಡೊನೆಯ ಕಮ್ಮಟಗಳಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ, ಅವುಗಳ ತಯಾರಿಕೆ ನಡೆಯಿತು. ಸೈನ್ಯವು ದುಬಾರಿಯೆಂದು ಬದಿಗಿಟ್ಟ ಷಟ್ಕೋಣದ ನಳಿಗೆ, ಯಾರನ್ನೂ ಕೊಲ್ಲುವ ಹಂಗಿಲ್ಲದೆ, ಕಾಗದದ ಗುರಿಹಲಗೆಯ ಮುಂದೆ ಮರುಹುಟ್ಟು ಪಡೆಯಿತು. ಆದರೂ ಅವನ ಹೆಸರಿಗೆ ನಿಜವಾದ ಆಶ್ರಯ ಕೋವಿಯಲ್ಲ. ನಮ್ಮ ಊರುಗಳ ನಲ್ಲಿಯ ಕೊಳವೆಗಳನ್ನು ಒಂದಕ್ಕೊಂದು ಬೆಸೆಯುವ ತಿರುಪಿನಲ್ಲಿ ಇಂದಿಗೂ ಇರುವುದು ಅವನು ಗೊತ್ತುಮಾಡಿದ ೫೫ ಅಂಶದ ಕೋನವೇ. ಒಂದು ಕಾರ್ಖಾನೆಯ ಕೊಳವೆಗೆ ಇನ್ನೊಂದು ಕಾರ್ಖಾನೆಯ ನಲ್ಲಿ ತೊಟ್ಟು ಸೋರದಂತೆ ಕೂಡುವಾಗ, ಆ ಹೊಂದಿಕೆಯನ್ನು ಯಾರೂ ಗಮನಿಸುವುದಿಲ್ಲ.