ಡಾ. ಹ್ಯೂ ಕ್ಲೆಗಾರ್ನ್ (1820–1895): ಅರಣ್ಯ ವಿದ್ಯೆಗೆ ದಾರಿ ತೆರೆದ ವೈದ್ಯ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳಲ್ಲಿ ಪಿ.ಯು.ಸಿ. ವಿಜ್ಞಾನ ವಿಭಾಗದಲ್ಲಿ ತೇರ್ಗಡೆಯಾಗಿ ಅರಣ್ಯಶಾಸ್ತ್ರ ಪದವಿಗೆ ಸೇರಲು ಇಚ್ಛಿಸುವ ವಿದ್ಯಾರ್ಥಿಗಳು ಹಾಗೂ ಪೋಷಕರ ಮಾಹಿತಿಗಾಗಿ, ದಕ್ಷಿಣ ಭಾರತದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದ ಡಾ. ಹ್ಯೂ ಕ್ಲೆಗಾರ್ನ್ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಕ್ಲೆಗಾರ್ನ್ ಅವರು 1820ರ ಆಗಸ್ಟ್ 9ರಂದು ಮದರಾಸಿನಲ್ಲಿ ಜನಿಸಿದರು. ತಂದೆ ಅಲ್ಲಿನ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದರು. ನಾಲ್ಕನೆಯ ವಯಸ್ಸಿನಲ್ಲಿಯೇ ಸ್ಕಾಟ್ಲೆಂಡಿಗೆ ಕಳುಹಿಸಲ್ಪಟ್ಟ ಬಾಲಕನು ಅಜ್ಜನ ಜಮೀನಿನಲ್ಲಿ ಬೆಳೆದು, ಬೇಸಾಯ ಮತ್ತು ಮರಗಿಡಗಳ ಪರಿಚಯವನ್ನು ಅಲ್ಲಿಯೇ ಪಡೆದನು. 1841ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ದೊರೆಯಿತು. ಆ ಕಾಲದಲ್ಲಿ ಬಹುಪಾಲು ಔಷಧಗಳು ಸಸ್ಯಮೂಲದವಾದುದರಿಂದ ವೈದ್ಯ ವಿದ್ಯಾರ್ಥಿಗಳು ಸಸ್ಯಶಾಸ್ತ್ರವನ್ನೂ ಕಲಿಯಬೇಕಾಗಿತ್ತು. ಅರಣ್ಯಶಾಸ್ತ್ರವೆಂಬ ಪ್ರತ್ಯೇಕ ವಿಷಯ ಮಾತ್ರ ಅಲ್ಲಿ ಇರಲಿಲ್ಲ.

1842ರಲ್ಲಿ ಸಹಾಯಕ ಶಸ್ತ್ರವೈದ್ಯರಾಗಿ ಮದರಾಸಿಗೆ ಮರಳಿದ ಅವರು ಕೆಲವು ವರ್ಷಗಳ ನಂತರ ಮೈಸೂರು ಆಡಳಿತಕ್ಕೆ ಒಳಪಟ್ಟಿದ್ದ ಶಿವಮೊಗ್ಗಕ್ಕೆ ನಿಯುಕ್ತರಾದರು. ವೈದ್ಯ ವೃತ್ತಿಯ ಜೊತೆಗೆ, ದಿನಕ್ಕೊಂದು ಗಿಡವನ್ನು ಗುರುತಿಸಿ ಸ್ಥಳೀಯ ಚಿತ್ರಕಾರರಿಂದ ಅದರ ಚಿತ್ರ ಬರೆಸುವ ಕ್ರಮವನ್ನು ಇಟ್ಟುಕೊಂಡರು. ಹೀಗೆ ಕೂಡಿಬಂದ ಚಿತ್ರಗಳು ಇಂದಿಗೂ ಎಡಿನ್‌ಬರೊದ ರಾಜ ಸಸ್ಯೋದ್ಯಾನದಲ್ಲಿ ಸುರಕ್ಷಿತವಾಗಿವೆ. ಮಲೆನಾಡಿನ ಗುಡ್ಡಗಳು ಬೋಳಾಗುತ್ತಿರುವುದನ್ನು ಅವರು ಕಣ್ಣಾರೆ ಕಂಡದ್ದು ಇದೇ ಅವಧಿಯಲ್ಲಿ.

ಅನಾರೋಗ್ಯದ ಕಾರಣ 1848ರಲ್ಲಿ ರಜೆಯ ಮೇಲೆ ಬ್ರಿಟನ್ನಿಗೆ ತೆರಳಿದ ಕ್ಲೆಗಾರ್ನ್ ಅವರಿಗೆ, ಅಲ್ಲಿನ ವಿಜ್ಞಾನಿಗಳ ಸಂಘವು ಉಷ್ಣವಲಯದ ಕಾಡುಗಳ ನಾಶವನ್ನು ಕುರಿತು ವರದಿ ತಯಾರಿಸುವ ಹೊಣೆಯನ್ನು ವಹಿಸಿತು. ಇತರ ಮೂವರೊಡನೆ ಸಿದ್ಧಪಡಿಸಿದ ಈ ವರದಿಯು 1851ರಲ್ಲಿ ಮಂಡನೆಯಾಯಿತು. ಮರುವರ್ಷ ಅವರು ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. 1856ರ ಡಿಸೆಂಬರ್‌ನಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿ ಹುದ್ದೆಗೆ ನೇಮಕಗೊಂಡರು.

ಹುದ್ದೆ ಸೃಷ್ಟಿಯಾಗಿತ್ತು, ಕೆಲಸ ಬಲ್ಲ ಸಿಬ್ಬಂದಿ ಇರಲಿಲ್ಲ. ಎಷ್ಟು ಮರಗಳಿವೆ, ವರ್ಷಕ್ಕೆ ಎಷ್ಟು ಬೆಳೆಯುತ್ತವೆ, ಎಷ್ಟು ಕಡಿಯಬಹುದು ಎಂಬ ಲೆಕ್ಕವೇ ಇಲ್ಲದೆ ತೇಗ ನೌಕಾ ನಿರ್ಮಾಣಕ್ಕೂ, ಇತರ ಮರಗಳು ರೈಲುಹಳಿಯ ಅಡಿಮರಗಳಿಗೂ ಎಂಜಿನ್ನುಗಳ ಉರುವಲಿಗೂ ಸಾಗುತ್ತಿದ್ದವು. ಅಸಲನ್ನು ಉಳಿಸಿ ಬಡ್ಡಿಯನ್ನಷ್ಟೇ ಬಳಸಬೇಕೆಂಬ ಸಾಮಾನ್ಯ ಲೆಕ್ಕಶಾಸ್ತ್ರ ಕಾಡಿಗೆ ಅನ್ವಯವಾಗಿರಲಿಲ್ಲ. ಕ್ಲೆಗಾರ್ನ್ ಅವರು ಕೆನರಾ, ನೀಲಗಿರಿ ಹಾಗೂ ಆನೆಮಲೆಗಳಲ್ಲಿ ವ್ಯಾಪಕವಾಗಿ ಪ್ರವಾಸ ಮಾಡಿ, ಕಡಿತಕ್ಕೆ ಕ್ರಮ ನಿಗದಿಪಡಿಸಿ, ನೆಡುತೋಪುಗಳಿಗೆ ಪ್ರೋತ್ಸಾಹ ನೀಡಿದರು. ದಕ್ಷಿಣ ಭಾರತದ ಕಾಡು ಮತ್ತು ತೋಟಗಳನ್ನು ಕುರಿತ ಅವರ ಗ್ರಂಥವು 1861ರಲ್ಲಿ ಪ್ರಕಟವಾಯಿತು.

ಅವರ ಆಡಳಿತದ ಇನ್ನೊಂದು ಮುಖವನ್ನೂ ಇಲ್ಲಿ ಹೇಳುವುದು ನ್ಯಾಯ. ಕಾಡು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು ಬೇರೆಡೆಗೆ ಸಾಗುವ ಕುಮರಿ ಬೇಸಾಯವನ್ನು ಅವರು ತೀವ್ರವಾಗಿ ವಿರೋಧಿಸಿದರು. 1860ರಲ್ಲಿ ಮದರಾಸು ಸರ್ಕಾರವು ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ರೈಲ್ವೆಗೆ ಅಪಾರ ಮರ ಬೇಕಾಗಿದ್ದ ಅದೇ ಕಾಲದಲ್ಲಿ, ನಿರ್ಬಂಧದ ಭಾರ ಹೆಚ್ಚಾಗಿ ಬಿದ್ದದ್ದು ಗುಡ್ಡಗಾಡಿನ ಬಡ ಬೇಸಾಯಗಾರರ ಮೇಲೆ. ಅರಣ್ಯವಾಸಿಗಳ ಹಕ್ಕುಗಳಿಗೆ ಕಾನೂನಿನ ಮಾನ್ಯತೆ ದೊರೆಯಲು 2006ರ ಅರಣ್ಯ ಹಕ್ಕುಗಳ ಕಾಯ್ದೆಯವರೆಗೆ ಕಾಯಬೇಕಾಯಿತು. ಆದ್ದರಿಂದಲೇ ಇಂದಿನ ಅರಣ್ಯ ಪದವಿಯಲ್ಲಿ ಮರದ ಪಾಠದೊಂದಿಗೆ ಕಾನೂನು ಮತ್ತು ಜನಜೀವನದ ಪಾಠವೂ ಸೇರಿದೆ.

ತುಂಗಭದ್ರೆಯ ದಕ್ಷಿಣ ದಡದ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಉತ್ತರ ದಡದ ಸಿಂಧನೂರು, ಲಿಂಗಸುಗೂರು ಪ್ರದೇಶಗಳನ್ನೊಳಗೊಂಡ ರಾಯಚೂರು ದೋಆಬ್ 1853ರಲ್ಲಿ ಬ್ರಿಟಿಷರ ಆಡಳಿತಕ್ಕೆ ಬಂದು, 1860ರಲ್ಲಿ ನಿಜಾಮರಿಗೆ ಮರಳಿತು. ಹೀಗಾಗಿ ಕ್ಲೆಗಾರ್ನ್ ಅವರ ಇಲಾಖೆಯ ವ್ಯಾಪ್ತಿ ನದಿಯನ್ನು ದಾಟಲಿಲ್ಲ. ಮುಂಬಯಿ ಮತ್ತು ಮದರಾಸಿನಿಂದ ಬಂದ ರೈಲುಹಳಿಗಳು 1871ರಲ್ಲಿ ಕೂಡಿದ್ದು ಮಾತ್ರ ರಾಯಚೂರಿನಲ್ಲಿಯೇ.

1861ರ ನಂತರ ಅವರು ಪಂಜಾಬ್ ಹಾಗೂ ಪಶ್ಚಿಮ ಹಿಮಾಲಯದ ಕಾಡುಗಳ ಸಮೀಕ್ಷೆ ನಡೆಸಿದರು. 1867ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಅವರು ರಜೆಯಲ್ಲಿದ್ದಾಗ ಅರಣ್ಯಗಳ ಮಹಾನಿರೀಕ್ಷಕರಾಗಿ ಪ್ರಭಾರ ವಹಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಭಾರತದ ಅರಣ್ಯ ಸೇವೆಗೆ ಅಭ್ಯರ್ಥಿಗಳನ್ನು ಆರಿಸುವ ಕಾರ್ಯದಲ್ಲಿ ನೆರವಾದರು. ಬ್ರಾಂಡಿಸ್ ಅವರ ಪ್ರಯತ್ನದಿಂದ 1878ರಲ್ಲಿ ಡೆಹರಾಡೂನಿನಲ್ಲಿ ಅರಣ್ಯ ಶಾಲೆ ಆರಂಭವಾಯಿತು. ತಾವು ವಿದ್ಯಾರ್ಥಿಯಾಗಿದ್ದಾಗ ಇಲ್ಲದಿದ್ದ ಅರಣ್ಯಶಾಸ್ತ್ರದ ಬೋಧನೆ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಆರಂಭವಾಗಲು ಕ್ಲೆಗಾರ್ನ್ ಶ್ರಮಿಸಿದರು. 1895ರ ಮೇ 16ರಂದು ನಿಧನ ಹೊಂದಿದರು.

ರಾಜ್ಯದಲ್ಲಿ ಪ್ರಸ್ತುತ ನಾಲ್ಕು ವರ್ಷಗಳ ಅರಣ್ಯಶಾಸ್ತ್ರ ಪದವಿಯು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಕಾಲೇಜಿನಲ್ಲಿ ಹಾಗೂ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯದ ಪೊನ್ನಂಪೇಟೆ ಕಾಲೇಜಿನಲ್ಲಿ ಲಭ್ಯವಿದೆ. ಪ್ರವೇಶವು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಪದವೀಧರರು ನೇಮಕಾತಿ ನಿಯಮಗಳನ್ವಯ ವಲಯ ಅರಣ್ಯಾಧಿಕಾರಿ ಮತ್ತು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಹುದ್ದೆಗಳಿಗೆ, ಕೇಂದ್ರ ಲೋಕಸೇವಾ ಆಯೋಗದ ಭಾರತೀಯ ಅರಣ್ಯ ಸೇವೆ ಪರೀಕ್ಷೆಗೆ ಹಾಗೂ ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗಳಿಗೆ ಅರ್ಜಿ ಸಲ್ಲಿಸಬಹುದು. ಸಂಶೋಧನೆ ಮತ್ತು ಸಸ್ಯಕ್ಷೇತ್ರಗಳ ಉದ್ಯಮದಲ್ಲಿಯೂ ಅವಕಾಶಗಳಿವೆ. ಕಾಡು ಅತ್ಯಲ್ಪವಾಗಿರುವ ಈ ತಾಲ್ಲೂಕುಗಳಿಗೆ ಇಂತಹ ಪದವೀಧರರ ಅಗತ್ಯವಿಲ್ಲವೆಂದು ಭಾವಿಸಬಾರದು. ಕಾಲುವೆ ನೀರಿನಿಂದ ಸವುಳು-ಜವುಳಾದ ಸಿಂಧನೂರಿನ ಜಮೀನಿಗೂ ಲಿಂಗಸುಗೂರಿನ ಒಣಭೂಮಿಗೂ ಒಂದೇ ಗಿಡ ಒಗ್ಗುವುದಿಲ್ಲ. ಯಾವುದಕ್ಕೆ ಯಾವುದು ಎಂದು ಹೇಳಬಲ್ಲವರು ಬೇಕಾಗಿದ್ದಾರೆ.

ಸಂವಿಧಾನದ 371(ಜೆ) ವಿಧಿಯನ್ವಯ, ಕಲ್ಯಾಣ ಕರ್ನಾಟಕದ ಹೊರಗಿನ ರಾಜ್ಯಮಟ್ಟದ ಶಿಕ್ಷಣ ಸಂಸ್ಥೆಗಳಲ್ಲಿ ಈ ಭಾಗದ ಅಭ್ಯರ್ಥಿಗಳಿಗೆ ಶೇ. 8ರಷ್ಟು ಸೀಟುಗಳು ಮೀಸಲಾಗಿವೆ. ಇದಕ್ಕೆ ಅಗತ್ಯವಾದ ಅರ್ಹತಾ ಪ್ರಮಾಣಪತ್ರವನ್ನು ವ್ಯಾಪ್ತಿಯ ಸಹಾಯಕ ಆಯುಕ್ತರಿಂದಲೂ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯ ಮೂಲಕವೂ ಮುಂಚಿತವಾಗಿ ಪಡೆದಿಟ್ಟುಕೊಳ್ಳತಕ್ಕದ್ದು. ಕೃಷಿಕರ ಕೋಟಾದಡಿ ಸೀಟು ಕೋರುವವರು ಅದಕ್ಕೆ ಸಂಬಂಧಿಸಿದ ದಾಖಲೆಗಳನ್ನೂ ನಿಗದಿತ ಅವಧಿಯೊಳಗೆ ಸಲ್ಲಿಸಿ, ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗತಕ್ಕದ್ದು.