ರೋಮಿನ ರಕ್ತಸಾಕ್ಷಿ ಸಂತ ವ್ಯಾಲೆಂಟೈನ್

ಫೆಬ್ರವರಿ 14 ಸಮೀಪಿಸುತ್ತಿದ್ದಂತೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಅಂಗಡಿಗಳಲ್ಲಿಯೂ ಕೆಂಪು ಗುಲಾಬಿ ಮತ್ತು ಹೃದಯದ ಚಿತ್ರವುಳ್ಳ ಉಡುಗೊರೆಗಳು ಕಾಣಿಸಿಕೊಳ್ಳುತ್ತವೆ. ಪ್ರೇಮಿಗಳ ದಿನವೆಂದು ಜಗತ್ತು ಕರೆಯುವ ಈ ದಿನಕ್ಕೆ ಹೆಸರು ಬಂದಿರುವುದು ನಮ್ಮ ಧರ್ಮಸಭೆಯ ಸಂತರೊಬ್ಬರಿಂದ. ಕರಾವಳಿಯಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ವ್ಯಾಲೆಂಟೈನ್ ಎಂಬ ಹೆಸರು ಅಪರೂಪವೇನಲ್ಲ. ಆದರೂ ಆ ಸಂತರು ಯಾರೆಂದು ಮಕ್ಕಳು ಕೇಳಿದರೆ, ನಮ್ಮಲ್ಲಿ ಅನೇಕರು ಅದು ನಮ್ಮ ಹಬ್ಬವಲ್ಲವೆಂದು ಮಾತು ಮುಗಿಸುತ್ತೇವೆ. ಇಲ್ಲವೇ ಎಲ್ಲೋ ಕೇಳಿದ ಪ್ರೇಮಕಥೆಯೊಂದನ್ನು ಹೇಳಿಬಿಡುತ್ತೇವೆ.

ಅವರ ಬಾಳಿನ ಬಗ್ಗೆ ಖಚಿತವಾಗಿ ಹೇಳಬಹುದಾದುದು ಅತ್ಯಲ್ಪ. ಕ್ರೈಸ್ತ ವಿಶ್ವಾಸಕ್ಕಾಗಿ ಪ್ರಾಣತೆತ್ತ ವ್ಯಾಲೆಂಟೈನ್ ಎಂಬುವರನ್ನು ರೋಮ್ ನಗರದ ಉತ್ತರಕ್ಕೆ ಹೋಗುವ ಫ್ಲಾಮಿನಿಯಾ ಹೆದ್ದಾರಿಯ ಬದಿಯಲ್ಲಿ ಸಮಾಧಿ ಮಾಡಲಾಗಿತ್ತು. 337ರಿಂದ 352ರವರೆಗೆ ಪೋಪ್ ಪೀಠದಲ್ಲಿದ್ದ ಒಂದನೆಯ ಜೂಲಿಯಸ್ ಅಲ್ಲಿ ದೇವಾಲಯವೊಂದನ್ನು ಕಟ್ಟಿಸಿದರು. ಸಮಾಧಿ, ಸ್ಥಳ, ಹೆಸರು, ದಿನ: ಇಷ್ಟರ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಉಳಿದ ವಿವರಗಳು ಕೆಲವು ಶತಮಾನಗಳ ಬಳಿಕ ಬರೆಯಲ್ಪಟ್ಟ ಚರಿತ್ರೆಗಳಿಂದ ಬಂದವು. ಅವುಗಳ ಪ್ರಕಾರ ವ್ಯಾಲೆಂಟೈನರು ರೋಮಿನಲ್ಲಿ ಗುರುಗಳಾಗಿದ್ದರು. 268ರಿಂದ 270ರವರೆಗೆ ಆಳಿದ ಚಕ್ರವರ್ತಿ ಎರಡನೆಯ ಕ್ಲಾಡಿಯಸನ ಕಾಲದಲ್ಲಿ ಬಂಧಿತರಾದ ಅವರನ್ನು ಆಸ್ಟೀರಿಯಸ್ ಎಂಬ ಅಧಿಕಾರಿಯ ಮನೆಯಲ್ಲಿರಿಸಲಾಯಿತು. ಕ್ರಿಸ್ತರೇ ಲೋಕದ ನಿಜವಾದ ಬೆಳಕೆಂದು ಗುರುಗಳು ಸಾರಿದಾಗ, ಹಾಗಿದ್ದರೆ ಕಣ್ಣು ಕಾಣದ ತನ್ನ ಸಾಕುಮಗಳಿಗೆ ಬೆಳಕು ಕೊಡಲೆಂದು ಆಸ್ಟೀರಿಯಸ್ ಸವಾಲೊಡ್ಡಿದನು. ಗುರುಗಳು ಆ ಬಾಲಕಿಯ ಕಣ್ಣಿನ ಮೇಲೆ ಕೈಯಿರಿಸಿ ಪ್ರಾರ್ಥಿಸಿದರು. ಆಕೆಗೆ ದೃಷ್ಟಿ ಬಂದಿತು. ಮನೆಯಲ್ಲಿದ್ದ ವಿಗ್ರಹಗಳನ್ನು ತೆಗೆಸಿ ಆಸ್ಟೀರಿಯಸನು ಮನೆಮಂದಿಯೊಡನೆ ಜ್ಞಾನಸ್ನಾನ ಪಡೆದನು. ಸುದ್ದಿ ಚಕ್ರವರ್ತಿಯನ್ನು ಮುಟ್ಟಿದ ಮೇಲೆ ಆ ಕುಟುಂಬವೂ ಸಾವಿಗೆ ಗುರಿಯಾಯಿತು. ವ್ಯಾಲೆಂಟೈನರ ಶಿರಚ್ಛೇದನವಾಯಿತು.

ರೋಮಿನ ಉತ್ತರಕ್ಕಿರುವ ಟೆರ್ನಿ ಪಟ್ಟಣದವರು ಹೇಳುವುದು ಬೇರೆ. ಅವರ ವ್ಯಾಲೆಂಟೈನರು ಆ ಊರಿನ ಬಿಷಪರು. ಅಂಗವಿಕಲ ಬಾಲಕನೊಬ್ಬನನ್ನು ಗುಣಪಡಿಸಿದ ಕಾರಣ ರೋಮಿನಲ್ಲಿ ತಲೆ ಕೊಟ್ಟವರು. ಅವರ ದಿನವೂ ಫೆಬ್ರವರಿ 14. ಇಬ್ಬರೂ ಒಬ್ಬರೇ ಇರಬೇಕೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ನಮಗೂ ಹಾಗೆಯೇ ತೋರುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಎರಡು ಹಳೆಯ ಚರಿತ್ರೆಗಳಲ್ಲಿ ಪ್ರೇಮಿಗಳೂ ಇಲ್ಲ, ಮದುವೆಯೂ ಇಲ್ಲ. ಸೈನಿಕರು ಮದುವೆಯಾಗಬಾರದೆಂದು ಚಕ್ರವರ್ತಿ ಆಜ್ಞೆ ಹೊರಡಿಸಿದ್ದನೆಂದೂ, ವ್ಯಾಲೆಂಟೈನರು ಗುಟ್ಟಾಗಿ ಮದುವೆ ಮಾಡಿಸಿ ಸಿಕ್ಕಿಬಿದ್ದರೆಂದೂ ಹೇಳುವ ಜನಪ್ರಿಯ ಕಥೆ ಬಹಳ ಈಚಿನದು. ಕ್ಲಾಡಿಯಸನು ಅಂತಹ ಆಜ್ಞೆ ಮಾಡಿದ್ದಕ್ಕೆ ಅವನ ಕಾಲದ ದಾಖಲೆಯಿಲ್ಲ. ಸೆರೆಮನೆಯಿಂದ ಬಾಲಕಿಗೆ ಪತ್ರ ಬರೆದರೆಂಬ ಮಾತೂ ಹೀಗೆಯೇ ಸೇರಿಕೊಂಡದ್ದು.

ಈ ದಿನಕ್ಕೂ ಪ್ರೇಮಕ್ಕೂ ನಂಟು ಬೆಳೆದದ್ದು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ಸಂತರು ಮಡಿದು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ. ಇಂಗ್ಲೆಂಡಿನ ಕವಿ ಚಾಸರ್, ಸಂತ ವ್ಯಾಲೆಂಟೈನರ ದಿನದಂದು ಹಕ್ಕಿಗಳು ಜೊತೆ ಆರಿಸಿಕೊಳ್ಳುತ್ತವೆಂದು ಕಾವ್ಯದಲ್ಲಿ ಬಣ್ಣಿಸಿದನು. ಅಲ್ಲಿಂದ ಅರಮನೆಗಳಿಗೆ, ಅರಮನೆಗಳಿಂದ ಜನಸಾಮಾನ್ಯರಿಗೆ ಪ್ರೇಮಪತ್ರದ ರೂಢಿ ಹರಡಿತು. 1840ರ ದಶಕದಲ್ಲಿ ಅಮೆರಿಕದ ಎಸ್ತರ್ ಹೌಲ್ಯಾಂಡ್ ಎಂಬ ಮಹಿಳೆ ಅಲಂಕೃತ ಪತ್ರಗಳನ್ನು ತಯಾರಿಸಿ ಮಾರತೊಡಗಿದ ಮೇಲೆ ಅದೊಂದು ಉದ್ಯಮವೇ ಆಯಿತು. ನಮ್ಮ ನಾಡಿಗೆ ಇದು ವ್ಯಾಪಕವಾಗಿ ಬಂದದ್ದು 1990ರ ದಶಕದಲ್ಲಿ, ಉಪಗ್ರಹ ವಾಹಿನಿಗಳ ಬೆನ್ನಿಗೆ.

ಗುಟ್ಟಿನ ಮದುವೆಯ ಕಥೆಯನ್ನು ನಮ್ಮ ಯುವಜನರು ಮೆಚ್ಚುವುದು ಸಹಜ. ಆದರೆ ಧರ್ಮಸಭೆ ಗುಟ್ಟಿನ ಮದುವೆಯನ್ನು ಎಂದೂ ಪ್ರೋತ್ಸಾಹಿಸಲಿಲ್ಲ. ಮದುವೆಯನ್ನು ಮುಂಚಿತವಾಗಿ ಸಾರಬೇಕೆಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿತು; ಗುರುಗಳು ಮತ್ತು ಸಾಕ್ಷಿಗಳ ಸಮ್ಮುಖದಲ್ಲಿಯೇ ನಡೆಯಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಕಟ್ಟುಮಾಡಿತು. ಗುಟ್ಟಾಗಿ ಮದುವೆಯಾಗಿ ಆನಂತರ ಹೆಂಡತಿಯೇ ಅಲ್ಲವೆಂದು ಕೈಬಿಡುವವರಿಂದ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತಿತ್ತು ಎಂಬುದನ್ನು ನೆನೆದರೆ ಈ ಕಟ್ಟಳೆಯ ಬೆಲೆ ತಿಳಿದೀತು. ಭಾನುವಾರದ ಬಲಿಪೂಜೆಯಲ್ಲಿ ವಧೂವರರ ಹೆಸರು ಓದುವ ಪದ್ಧತಿಯ ಬೇರು ಅಲ್ಲಿದೆ.

ಇನ್ನೊಂದು ಮುಖವೂ ಇದೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರ ಮೇಲೆ ಹಲ್ಲೆ ನಡೆಸಿದ ಶ್ರೀರಾಮ ಸೇನೆಯವರು, ಫೆಬ್ರವರಿ 14ರಂದು ಜೊತೆಯಾಗಿ ಕಂಡ ಜೋಡಿಗಳಿಗೆ ಮದುವೆ ಮಾಡಿಸುವುದಾಗಿ ಬೆದರಿಸಿದ್ದರು. ಬಲವಂತದಿಂದ ಅಥವಾ ಭಯದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಅಂತಹ ಮದುವೆ ಅಸಿಂಧು ಎನ್ನುತ್ತದೆ ಧರ್ಮಸಭೆಯ ಕಾನೂನು. ಇದು ಬೀದಿಯ ಬೆದರಿಕೆಗೆ ಮಾತ್ರ ಅನ್ವಯಿಸುವುದಲ್ಲ. ಮದುವೆಗೆ ಮುನ್ನ ಗುರುಗಳು ವಧೂವರರನ್ನು ಬೇರೆಬೇರೆಯಾಗಿ ಕೂರಿಸಿ ಸ್ವಇಚ್ಛೆಯಿಂದ ಬಂದಿದ್ದೀರಾ ಎಂದು ವಿಚಾರಿಸುವಾಗ, ಹೊರಗೆ ಜಗಲಿಯಲ್ಲಿ ಕಾಯುವ ತಂದೆತಾಯಿಗಳಾದ ನಾವೂ ಆ ಪ್ರಶ್ನೆಯನ್ನು ನಮಗೇ ಕೇಳಿಕೊಳ್ಳಬಹುದು. ನೆಂಟಸ್ತಿಕೆ, ಆಸ್ತಿ, ಜಾತಿಯ ಲೆಕ್ಕಾಚಾರದಲ್ಲಿ ಮಗಳ ಮಾತು ಕೇಳಿಸಿಕೊಂಡೆವೋ ಇಲ್ಲವೋ?

1969ರಲ್ಲಿ ಧರ್ಮಸಭೆಯ ಸಾಮಾನ್ಯ ಪಂಚಾಂಗವನ್ನು ಪರಿಷ್ಕರಿಸಿದಾಗ, ಚರಿತ್ರೆಯ ಆಧಾರ ತೆಳುವೆಂಬ ಕಾರಣದಿಂದ ವ್ಯಾಲೆಂಟೈನರ ಸ್ಮರಣೆಯನ್ನು ಕೈಬಿಡಲಾಯಿತು. ಅವರನ್ನು ಸಂತರ ಸಾಲಿನಿಂದ ತೆಗೆದರೆಂಬ ಮಾತು ಮಾತ್ರ ತಪ್ಪು. ರೋಮಿನ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರು ಇಂದಿಗೂ ಇದೆ. ಅವರದೆಂದು ನಂಬಲಾದ ಅವಶೇಷಗಳು ಟೆರ್ನಿಯಲ್ಲಿಯೂ, 1836ರಿಂದ ಐರ್ಲೆಂಡಿನ ಡಬ್ಲಿನ್ ನಗರದ ಕಾರ್ಮೆಲ್ ಸಭೆಯ ದೇವಾಲಯದಲ್ಲಿಯೂ ಇವೆ. 2014ರ ಫೆಬ್ರವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ರೋಮಿನಲ್ಲಿ ಮದುವೆ ನಿಶ್ಚಯವಾದ ಸಾವಿರಾರು ಜೋಡಿಗಳನ್ನು ಬರಮಾಡಿಕೊಂಡಿದ್ದರು.

ನಮ್ಮ ದೇವಾಲಯಗಳಲ್ಲಿ ಆ ದಿನದ ಬಲಿಪೂಜೆ ಸ್ಲಾವ್ ಜನರಿಗೆ ಶುಭಸಂದೇಶ ಸಾರಿದ ಸಹೋದರರಾದ ಸಂತ ಸಿರಿಲ್ ಮತ್ತು ಮೆಥೋಡಿಯಸರ ಸ್ಮರಣೆಯದು. 2018 ಮತ್ತು 2024ರಲ್ಲಿ ವಿಭೂತಿ ಬುಧವಾರವೇ ಫೆಬ್ರವರಿ 14ರಂದು ಬಂದಿತ್ತು. 2029ರಲ್ಲಿ ಮತ್ತೆ ಹಾಗೆಯೇ ಬರಲಿದೆ. ಅಂದು ಉಪವಾಸ, ಸಿಹಿ ಹಂಚುವವರು ಮಂಗಳವಾರವೇ ಹಂಚಿಬಿಡಬೇಕಾದೀತು.